ಬಿಟ್ಟುಹೋದ ‘ವಿಗೆ’

ನಮ್ಮ ಊರಿನಲ್ಲಿ ಮಾತು ತಡವಾಗಿ ಕೇಳಿಸುತ್ತದೆ. ಆಡಿದ ಮಾತು ಆಡಿದ ಜಾಗದಲ್ಲೇ ನಿಂತಿರುತ್ತದೆ. ಒಲೆಯ ಮೇಲಿಟ್ಟ ಅಕ್ಕಿ ಬೆಂದು ಅನ್ನವಾಗುವಷ್ಟು ಹೊತ್ತು ಕಳೆದ ಮೇಲೆ, ಅಲ್ಲಿ ಯಾರಿರುತ್ತಾರೋ ಅವರ ಕಿವಿಗೆ ಬೀಳುತ್ತದೆ. ನಾಯಿ ಬೊಗಳಿದ್ದು, ಗಂಟೆ ಬಾರಿಸಿದ್ದು, ಪಾತ್ರೆ ಬಿದ್ದದ್ದು ಎಲ್ಲ ಆಗಿಂದಾಗಲೇ ಕೇಳಿಸುತ್ತದೆ. ಮನುಷ್ಯನ ಮಾತಿಗೆ ಮಾತ್ರ ಈ ನಿಧಾನ. ಹೊರಗಿನವರು ಬಂದರೆ ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಸಿಟ್ಟಾಗುತ್ತಾರೆ, ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾರೆ. ನಾವು ಇಲ್ಲೇ ಹುಟ್ಟಿ ಬೆಳೆದವರು, ನಮಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ.

ನನ್ನ ಹೆಸರು ಗವಿಯಪ್ಪ. ಪೇಟೆ ಬೀದಿಯ ತಿರುವಿನಲ್ಲಿ ನನ್ನ ಕ್ಷೌರದ ಅಂಗಡಿ ಇದೆ. ಗಿರಾಕಿ ಕುರ್ಚಿಯಲ್ಲಿ ಕೂತು ತನ್ನ ಮಾವನ ಮನೆಯವರನ್ನು ಮನಸಾರೆ ಬೈದು, ಮುಖ ಒರೆಸಿಕೊಂಡು ಎದ್ದು ಹೋಗುತ್ತಾನೆ. ಆ ಬೈಗುಳ ಕೇಳಿಸುವ ಹೊತ್ತಿಗೆ ಕುರ್ಚಿಯಲ್ಲಿ ಬೇರೆಯವನು ಕೂತಿರುತ್ತಾನೆ. ಹಾಗೆ ಕೂತವನು ಆ ಮಾವನ ಮನೆಯವನೇ ಆಗದಂತೆ ನೋಡಿಕೊಳ್ಳುವುದೇ ನನ್ನ ಕಸುಬಿನ ಅರ್ಧ ಭಾಗ. ಇನ್ನರ್ಧ ಕತ್ತರಿ.

ಊರಿನ ಮರ್ಯಾದೆಯೊಂದನ್ನು ಇಲ್ಲೇ ಹೇಳಿಬಿಡಬೇಕು. ಯಾರಾದರೂ ಮಾತಾಡಿದರೆ, ಆ ಮಾತು ಕೇಳಿಸುವವರೆಗೆ ಎದುರಿಗಿದ್ದವರು ತಲೆ ತಗ್ಗಿಸಿ ಕಾಯಬೇಕು. ಆಡಿದವನೂ ತಗ್ಗಿಸಬೇಕು. ಇನ್ನೊಬ್ಬರ ಬಾಯನ್ನು ನೋಡುತ್ತ ನಿಲ್ಲುವುದು, ಪಂಕ್ತಿಯಲ್ಲಿ ಕೂತು ಪಕ್ಕದವರ ಎಲೆ ನೋಡಿದ ಹಾಗೆ, ಕೀಳು ಅಭ್ಯಾಸ. ಚಿಕ್ಕಂದಿನಲ್ಲಿ ನಮ್ಮವ್ವ ಇದಕ್ಕೇ ನನ್ನ ತಲೆಗೆ ಮೊಟಕುತ್ತಿದ್ದಳು. ಹಾಗಾಗಿ ನಮ್ಮ ಊರಿನವರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಅಷ್ಟು ಚೆನ್ನಾಗಿ ಗೊತ್ತಿಲ್ಲ. ಚಪ್ಪಲಿ ಚೆನ್ನಾಗಿ ಗೊತ್ತು. ಮುಂದೆ ಬರುವ ಮಾತುಕತೆಯನ್ನೆಲ್ಲ ನಾನು ಒಂದರ ಹಿಂದೊಂದು ಬರೆಯುತ್ತೇನೆ. ನಡುವಿನ ಕಾಯುವಿಕೆಯನ್ನು ನೀವೇ ಸೇರಿಸಿಕೊಳ್ಳಿ.

ನನ್ನ ಮಗಳು ಸಂಪಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಆ ವಿಷಯ ತಿಳಿದಾಗ ನಾನೂ ನನ್ನ ಹೆಂಡತಿ ಸಾಕಮ್ಮನೂ ಅತ್ತದ್ದು ನಿಜ. ಆಮೇಲೆ ಕೈಯಲ್ಲಿ ಮಾತಾಡುವುದನ್ನು ಕಲಿತೆವು. ಕಲಿತ ಮೇಲೆ ಒಂದು ವಿಚಿತ್ರ ಗೊತ್ತಾಯಿತು. ಕೈಯ ಮಾತಿಗೆ ತಡವೇ ಇಲ್ಲ. ಸಂಪಿ ನೀರು ಬೇಕೆಂದರೆ ಆ ಗಳಿಗೆಯಲ್ಲೇ ನೀರು ಸಿಗುತ್ತದೆ. ನಾನೂ ಸಾಕಮ್ಮನೂ ಬಾಯಲ್ಲಿ ಜಗಳವಾಡಿದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆಯುತ್ತದೆ, ಕೈಯಲ್ಲಿ ಆಡಿದರೆ ಸಾರು ಕುದಿ ಬರುವುದರೊಳಗೆ ರಾಜಿಯಾಗಿರುತ್ತದೆ. ಬಾಗಿಲು ಹಾಕಿಕೊಂಡರೆ ನಮ್ಮ ಮನೆ ಊರಿಗಿಂತ ಮುಂದಿರುತ್ತಿತ್ತು. ಇದನ್ನು ಹೊರಗೆ ಯಾರಿಗೂ ಹೇಳಲಿಲ್ಲ, ಜಂಬ ಅಂದುಕೊಂಡಾರು ಎಂದು.

ಶಾಲೆಗೆ ಸೇರಿಸಿದಾಗ ತೊಂದರೆ ಶುರುವಾಯಿತು. ಸಂಪಿ ಎಲ್ಲರ ಬಾಯನ್ನೇ ನೋಡುತ್ತಾಳೆ. ತುಟಿಯ ಮೇಲಿನ ಒಂದಷ್ಟು ಮಾತು ಅವಳಿಗೆ ಗೊತ್ತಾಗುತ್ತದೆ, ಎಲ್ಲವೂ ಅಲ್ಲ. ಅವಳ ಮೇಷ್ಟ್ರಿಗೆ ತುಟಿ ಮುಚ್ಚುವಂಥ ಮೀಸೆ. ನಾನು ಪುಕ್ಕಟೆಯಾಗಿ ಕತ್ತರಿಸಿ ಕೊಡುತ್ತೇನೆ ಅಂದೆ, ಅವರು ಬೇಜಾರು ಮಾಡಿಕೊಂಡು ಆಚೆ ಬೀದಿಯ ಅಂಗಡಿಗೆ ಹೋಗತೊಡಗಿದರು. ಕೊನೆಗೆ ಪುರಸಭೆಯವರು ಒಬ್ಬ ಜೊತೆಗಾತಿಯನ್ನು ಕೊಟ್ಟರು. ಫಿಲೋಮಿನಾ ಎಂದು ಅವಳ ಹೆಸರು, ಗಟ್ಟಿ ಹುಡುಗಿ. ತರಗತಿಯಲ್ಲಿ ಸಂಪಿಯ ಎದುರಿಗೆ ಕೂತು ಕೇಳಿಸಿದ್ದನ್ನೆಲ್ಲ ಕೈಗೆ ಇಳಿಸುತ್ತಾಳೆ. ಸಂಪಿ ಅವಳನ್ನು ಅಕ್ಕ ಅನ್ನುತ್ತಾಳೆ. ಎರಡು ತೋರುಬೆರಳು ಒತ್ತಾಗಿ ಜೋಡಿಸಿದರೆ ಫಿಲೋಮಿನಕ್ಕ. ಅವಳು ಬಂದ ಮೇಲೆ ಸಂಪಿ ಮಗ್ಗಿ ಕಲಿತಳು, ನಕ್ಷೆ ಬರೆಯಲು ಕಲಿತಳು, ನನ್ನ ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತು ಬಿಟ್ಟುಹೋಗಿದೆ ಎಂದು ನನಗೇ ತೋರಿಸಿಕೊಟ್ಟಳು.

ನಮ್ಮ ಪುರಸಭೆ ಇಂಥ ಮಕ್ಕಳಿಗೆಲ್ಲ ವರ್ಷಕ್ಕೊಂದು ಆರೈಕೆ ಯೋಜನೆ ಬರೆಯುತ್ತದೆ. ಅದರಲ್ಲಿ ಬರೆದಂತೆ ಆ ವರ್ಷ ನಡೆಯುತ್ತದೆ. ಹೋದ ಸಲದ ಯೋಜನೆ ಮುಗಿಯುತ್ತ ಬಂದಾಗ ಕಲ್ಯಾಣಾಧಿಕಾರಿಗಳು ಒಂದು ಭಾನುವಾರ ನಮ್ಮ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ಚಪ್ಪಲಿಯನ್ನು ಹೊರಗೆ ಅಚ್ಚುಕಟ್ಟಾಗಿ ಬಿಟ್ಟು ಬಂದು ಚಾಪೆಯ ಮೇಲೆ ಸಂಪಿಯ ಎದುರಿಗೇ ಕೂತರು. ಅವಳ ಕಡೆ ತಿರುಗಿ ಏನೋ ಅಂದರು, ತಲೆ ತಗ್ಗಿಸಿದರು. ನಾವೂ ತಗ್ಗಿಸಿದೆವು. ಮನೆಯಲ್ಲಿ ನಾವೇ ನಾವಿದ್ದಾಗ ಬೇರೆ. ಅಧಿಕಾರಿಯ ಮಾತು ಇನ್ನೂ ಬರುವುದರಲ್ಲಿದ್ದಾಗ ತಲೆ ಎತ್ತಿಕೊಂಡಿರುವುದಕ್ಕೆ ಆಗುತ್ತದೆಯೇ? ಬಹಳ ಹೊತ್ತಿನ ಮೇಲೆ ಮಾತು ಕೇಳಿಸಿತು.

“ಪುಟ್ಟೀ, ನಿನಗೆ ಏನು ಬೇಕಮ್ಮಾ?”

ಅವರು ತಲೆ ಎತ್ತಿ ನೋಡಿದರು. ಸಂಪಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವರನ್ನೇ ನೋಡುತ್ತಿದ್ದಳು. ಉತ್ತರ ಬರುತ್ತದೇನೋ ಎಂದು ಅವರು ಇನ್ನೊಂದು ಅನ್ನ ಬೇಯುವಷ್ಟು ಹೊತ್ತು ತಲೆ ತಗ್ಗಿಸಿ ಕಾದರು, ಪಾಪ. ಏನೂ ಕೇಳಿಸಲಿಲ್ಲ. ಸಾಕಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಸಂಪಿ ಆ ದಿನ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದಳು. ಯಾಕೆಂದು ಕೇಳಿದರೆ ಗೋಡೆಯ ಕಡೆ ತಿರುಗಿಕೊಂಡಳು. ಬಿಸಿಲಿಗೆ ಹೀಗೆ ಆಡುತ್ತಿದ್ದಾಳೆ ಅಂದುಕೊಂಡು ನಾನು ಸುಮ್ಮನಾದೆ.

ಹೊಸ ಯೋಜನೆ ಬಂತು. ಅದರಲ್ಲಿ, ಮಗು ಕೇಳುವುದಿಲ್ಲ, ಆದ್ದರಿಂದ ಜೊತೆಗಾತಿಯನ್ನು ಹಿಂದಕ್ಕೆ ಪಡೆಯಲಾಗಿದೆ ಎಂದಿತ್ತು. ಮಗುವನ್ನು ನದಿಯಾಚೆಯ ವಸತಿ ಶಾಲೆಗೆ ಕಳಿಸತಕ್ಕದ್ದು ಎಂದೂ ಇತ್ತು. ನಾನು ಎರಡು ಸಲ ಓದಿದೆ. ಮಗು ಕೇಳುವುದಿಲ್ಲ, ಅದಕ್ಕೇ ಅಲ್ಲವೇ ಜೊತೆಗಾತಿ? ಕಾಲು ನೋವು, ಆದ್ದರಿಂದ ಊರುಗೋಲು ಕಿತ್ತುಕೊಳ್ಳಲಾಗಿದೆ ಅಂದ ಹಾಗಾಯಿತಲ್ಲ. ಸಾಕಮ್ಮ ಕಾಗದವನ್ನು ಮುಟ್ಟಲೂ ಇಲ್ಲ. ಆ ಶಾಲೆಯಲ್ಲಿ ಮಕ್ಕಳು ಕೈ ಆಡಿಸಿದರೆ ಬೈಯುತ್ತಾರೆ, ಬಾಯಿ ತಿರುಗಲಿ ಎಂದು ಕೈ ಕಟ್ಟಿಸಿ ಕೂರಿಸುತ್ತಾರೆ ಎಂದು ಅವಳು ಕೇಳಿದ್ದಳು.

“ಅಲ್ಲಿ ನಮ್ ಮಗಿಗೆ ಹೊಟ್ಟೆ ನೋವು ಬಂದ್ರೆ ಯಾರ ತಾವ ಹೇಳ್ಕೊಂಡಾತು?” ಅಂದಳು.

ಪುರಸಭೆಗೆ ಹೋದೆ. ಕಲ್ಯಾಣಾಧಿಕಾರಿಗಳು ಕೂರಿಸಿ ಮಾತಾಡಿಸಿದರು.

“ನೋಡಿ ಗವಿಯಪ್ಪ, ಪುರಸಭೆ ಕೇಳಿದವರಿಗೆ ಕೊಡುತ್ತೆ. ಕೇಳದೇ ಇದ್ದವರ ಮೇಲೆ ಹೇರೋದಿಲ್ಲ. ನಾನೇ ಬಂದು ಕೇಳಿದೆ, ಎರಡು ಸಲ ಕಾದೆ. ನಿಮ್ಮ ಮಗು ಏನೂ ಕೇಳಲಿಲ್ಲ.”

“ಅದಕ್ಕೆ ಕೇಳಾಕಿಲ್ವಲ್ಲ ಸ್ವಾಮಿ.”

“ನಾನೂ ಅದನ್ನೇ ಬರೆದಿದ್ದೀನಿ.”

ನನಗೆ ತಲೆಬುಡ ತಿಳಿಯಲಿಲ್ಲ. “ಅದು ಕೇಳ್ದಿದ್ರೆ ಏನಾತು, ಅಪ್ಪ ಅವ್ವ ನಾವ್ ಕೇಳ್ತಾ ಇದೀವಲ್ಲ,” ಅಂದೆ.

“ನೀವು ಕೇಳಿದರೆ ನಿಮಗೆ ಕೊಡಬೇಕಾಗುತ್ತೆ. ನಿಮಗೆ ಜೊತೆಗಾತಿ ಯಾಕೆ? ನಿಮಗೆ ಕಿವಿ ಚೆನ್ನಾಗಿದೆಯಲ್ಲ.” ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, “ಆ ಶಾಲೆ ಒಳ್ಳೇದೇ. ನದಿ ದಾಟಿದರೆ ಮಾತು ತಡ ಆಗೋದಿಲ್ಲ. ಆಡಿದ ಕೂಡಲೇ ಕೇಳಿಸುತ್ತೆ. ಅಲ್ಲದೆ ಹೇಳಿದ ಮಾತು ಕೇಳೋದಿಲ್ಲ, ಎಲ್ಲರ ಬಾಯಿ ನೋಡ್ತಾಳೆ ಅಂತ ಮೇಷ್ಟ್ರೂ ಬರೆದಿದ್ದಾರೆ. ಅಲ್ಲಿ ಶಿಸ್ತು ಕಲೀತಾಳೆ,” ಅಂದರು.

ಕಿವಿಯೇ ಕೇಳದ ಮಗುವಿಗೆ ಮಾತು ಬೇಗ ಬಂದರೇನು, ತಡವಾಗಿ ಬಂದರೇನು? ಇದನ್ನು ನಾನು ಕೇಳಬೇಕಾಗಿತ್ತು. ಹೊಳೆದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ವಕೀಲ ಚೆಲುವಯ್ಯನವರು ನನ್ನ ಹಳೆಯ ಗಿರಾಕಿ. ಯೋಜನೆಯನ್ನು ಓದಿ ಅವರ ಮುಖ ಅರಳಿತು. ಹಳೆಯ ಯೋಜನೆಯನ್ನು ಪಕ್ಕದಲ್ಲಿಟ್ಟು ಬೆರಳಿಟ್ಟು ತೋರಿಸಿದರು. ಹಳೆಯದರಲ್ಲಿ ‘ಮಗುವಿಗೆ ಕೇಳುವುದಿಲ್ಲ’ ಎಂದಿತ್ತು. ಹೊಸದರಲ್ಲಿ ‘ಮಗು ಕೇಳುವುದಿಲ್ಲ.’

“ಕಂಡ್ಯೇನಯ್ಯಾ? ‘ವಿಗೆ’ ಬಿಟ್ಟುಹೋಗಿದೆ. ಬೆರಳಚ್ಚಿನ ತಪ್ಪು. ಈ ‘ವಿಗೆ’ ಒಂದನ್ನ ವಾಪಸ್ಸು ಹಾಕಿಸಿಬಿಟ್ಟರೆ ಜೊತೆಗಾತಿ ತಾನಾಗಿ ವಾಪಸ್ಸು ಬರ್ತಾಳೆ.”

ನನಗೆ ಖುಷಿಯಾಯಿತು. ಎರಡಕ್ಷರ ತಾನೇ. ಅಷ್ಟಕ್ಕೆ ಕೋರ್ಟು ಯಾಕೆ, ಒಂದು ಪೆನ್ನು ಸಾಕಲ್ಲ ಎಂದೂ ಅನ್ನಿಸಿತು. ಆದರೆ ವಕೀಲರು ಅಷ್ಟು ಉತ್ಸಾಹದಲ್ಲಿದ್ದಾಗ ಹೇಳಲಿಲ್ಲ. ಅವರು ಮೊಕದ್ದಮೆ ಹೂಡಿದರು. ಕೋರ್ಟು ತೀರ್ಮಾನಿಸುವವರೆಗೆ ಫಿಲೋಮಿನಾ ಮೊದಲಿನಂತೆ ಬರಬಹುದು ಎಂದಾಯಿತು. ಅವಳೂ ನಮ್ಮ ಜೊತೆ ಕೋರ್ಟಿಗೆ ಬಂದಳು.

ನಮ್ಮ ಊರಿನ ಕೋರ್ಟು ನೋಡಬೇಕಾದ ಜಾಗ. ಒಬ್ಬರು ಮಾತಾಡುತ್ತಾರೆ, ಎಲ್ಲರೂ ತಲೆ ತಗ್ಗಿಸುತ್ತಾರೆ. ಕೆಲವರು ನಿದ್ದೆ ಹೋಗುತ್ತಾರೆ. ಮಾತು ಕೇಳಿಸಿದ ಮೇಲೆ ಇನ್ನೊಬ್ಬರು ಏಳುತ್ತಾರೆ. ನ್ಯಾಯಾಧೀಶರು ವಯಸ್ಸಾದ ಹೆಂಗಸು. ಅವರ ಬಲಗಡೆ ಬೆರಳಚ್ಚುಗಾರ ಯಂತ್ರದ ಮೇಲೆ ಬಗ್ಗಿಕೊಂಡು, ಕೇಳಿಸಿದ್ದನ್ನು ಕುಟ್ಟುತ್ತಿದ್ದ. ಚೆಲುವಯ್ಯನವರು ‘ವಿಗೆ’ಯ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ಪುರಸಭೆಯ ವಕೀಲರು ಎದ್ದು ಒಂದೇ ಮಾತಿನಲ್ಲಿ ಅದನ್ನು ಕೆಡವಿದರು.

“ಏನೂ ಬಿಟ್ಟುಹೋಗಿಲ್ಲ ತಾಯಿ. ಮಗುವಿಗೆ ಕೇಳೋದಿಲ್ಲ ಅಂತ ನಾವೂ ಒಪ್ಪುತ್ತೇವೆ. ಆದರೆ ಮಗುವೂ ಕೇಳೋದಿಲ್ಲ. ಅಧಿಕಾರಿಗಳು ಹೋಗಿ ಕಣ್ಣಾರೆ ನೋಡಿ ಬರೆದಿದ್ದಾರೆ.”

ಚೆಲುವಯ್ಯನವರು, ಮಗುವಿಗೆ ಕೇಳದೇ ಇರುವುದರಿಂದ ಮಗು ಕೇಳುವುದಾದರೂ ಹೇಗೆ ಅಂದರು. ಕೇಳಲಾರದ ಮಗು ಅಂತ ನೀವೇ ಒಪ್ಪಿದ ಹಾಗಾಯಿತು ಅಂದರು ಎದುರು ವಕೀಲರು. ಯಾರು ನನ್ನ ಪರ, ಯಾರು ವಿರುದ್ಧ ಎನ್ನುವುದೇ ನನಗೆ ಕಲಸುಮೇಲೋಗರವಾಯಿತು. ಒಂದು ಸಲ ಪುರಸಭೆಯ ವಕೀಲರ ಮಾತಿಗೆ ಹೌದು ಹೌದು ಎಂದು ತಲೆಯಾಡಿಸಿಬಿಟ್ಟೆ. ಸಾಕಮ್ಮ ತೊಡೆ ಚಿವುಟಿದಳು.

ಕಲ್ಯಾಣಾಧಿಕಾರಿಗಳು ಸಾಕ್ಷಿ ಹೇಳಲು ನಿಂತರು. ಆ ಭಾನುವಾರ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ತಾವು ಪ್ರಶ್ನೆ ಕೇಳಿದ್ದು, ಮರ್ಯಾದೆಯಂತೆ ತಲೆ ತಗ್ಗಿಸಿದ್ದು, ಎತ್ತಿದಾಗ ಮಗುವಿನ ಕೈ ಮಡಿಲಲ್ಲಿದ್ದದ್ದು. ಅದನ್ನು ಫಿಲೋಮಿನಾ ಕೈಗೆ ಇಳಿಸುತ್ತಿದ್ದಂತೆ ಸಂಪಿಯ ಮುಖ ಕೆಂಪಾಯಿತು. ಬೆಂಚಿನಿಂದ ಜಾರಿ ನಿಂತು ಕೈ ಆಡಿಸತೊಡಗಿದಳು. ಹೇಳಿದ್ದೆ. ಆಗಲೇ ಹೇಳಿದ್ದೆ. ಅವರು ಚಾಪೆ ನೋಡುತ್ತಿದ್ದರು. ಅಪ್ಪನೂ ಚಾಪೆ ನೋಡುತ್ತಿದ್ದ.

ಅದನ್ನು ನೋಡಿ ನನಗೆ ಆ ಭಾನುವಾರ ನಡೆದದ್ದು ಅರ್ಥವಾಯಿತು. ಮಾತು ಕೇಳಿಸುವ ಮೊದಲೇ ಅವಳು ತುಟಿ ನೋಡಿದ್ದಳು. ಏನು ಬೇಕು ಎನ್ನುವ ಮಾತು ಎಂಥ ತುಟಿಯ ಮೇಲಿದ್ದರೂ ಅವಳಿಗೆ ಗೊತ್ತು. ನಾವೆಲ್ಲ ತಲೆ ತಗ್ಗಿಸಿ ಪ್ರಶ್ನೆಗೆ ಕಾಯುತ್ತಿದ್ದಾಗ ಅವಳು ಉತ್ತರ ಕೊಟ್ಟು ಮುಗಿಸಿ ಕೈ ಮಡಿಚಿಕೊಂಡಿದ್ದಳು.

ಫಿಲೋಮಿನಾ ಎದ್ದು ಇದನ್ನೇ ಹೇಳಿದಳು. ಪುರಸಭೆಯ ವಕೀಲರು, ಈಕೆಯ ಕೆಲಸವೇ ಈ ಮೊಕದ್ದಮೆಯಲ್ಲಿ ನಿಂತಿರುವಾಗ ಈಕೆಯ ಮಾತನ್ನು ನಂಬುವುದು ಹೇಗೆ ಅಂದರು. ಅದೂ ಸರಿಯೇ ಅನ್ನಿಸಿತು. ಆ ದಿನ ನನಗೆ ಎಲ್ಲರ ಮಾತೂ ಸರಿಯೆನ್ನಿಸುತ್ತಿತ್ತು. ನ್ಯಾಯಾಧೀಶರು, ಹಾಗಾದರೆ ನಾನೇ ಕೇಳುತ್ತೇನೆ ಅಂದರು. ಸಂಪಿಯನ್ನು ಮೇಜಿನ ಮುಂದೆ ನಿಲ್ಲಿಸಿದರು. ಅವಳ ಕಡೆ ತಿರುಗಿ ತುಟಿ ಆಡಿಸಿದರು. ತಲೆ ತಗ್ಗಿಸಿದರು. ಇಡೀ ಕೋರ್ಟು ತಲೆ ತಗ್ಗಿಸಿತು.

ನಾನು ತಗ್ಗಿಸಲಿಲ್ಲ. ಹುಟ್ಟಿದಾರಭ್ಯ ನಾನು ಮಾಡಿದ ದೊಡ್ಡ ಅವಮರ್ಯಾದೆ ಅದು. ಅಷ್ಟೂ ತಲೆಗಳ ನೆತ್ತಿ ನನಗೆ ಕಾಣಿಸುತ್ತಿತ್ತು, ಬಹುಪಾಲು ನಾನೇ ಕತ್ತರಿಸಿದವು. ಅವುಗಳ ನಡುವೆ ನನ್ನ ಮಗಳು ಒಬ್ಬಳೇ ನಿಂತು, ಯಾರೂ ನೋಡದೆ ಇದ್ದರೂ, ನಿಧಾನವಾಗಿ ಸ್ಪಷ್ಟವಾಗಿ ಉತ್ತರ ಕೊಡುತ್ತಿದ್ದಳು. ಕೊಟ್ಟು ಮುಗಿಸಿದಳು. ಸುತ್ತ ನೋಡಿದಳು. ಕೈ ಮಡಿಚಿಕೊಂಡಳು. ನನಗೆ ಅಳು ಬಂತು. ಇವಳು ಹುಟ್ಟಿದಂದಿನಿಂದ ಈ ಊರು ಇವಳಿಗೆ ಕಂಡಿರುವುದು ಹೀಗೇ ಎಂದು ಆಗ ಗೊತ್ತಾಯಿತು, ಬರೀ ನೆತ್ತಿಗಳು.

ಎದ್ದು ನಿಂತೆ. “ತಾಯೀ, ತಪ್ಪು ತಿಳೀಬ್ಯಾಡಿ. ಕೇಳಿದ್ ಮ್ಯಾಲೆ ತಲೆ ತಗ್ಗಿಸ್ಬ್ಯಾಡಿ. ನನ್ ಮಗಳ ಮಕ ನೋಡ್ಕಂಡೇ ಇರಿ,” ಅಂದುಬಿಟ್ಟೆ.

ಅಂದ ಮೇಲೆ ಹೆದರಿಕೆಯಾಯಿತು. ಮಾತು ಬಾಯಿಂದ ಹೊರಟಾಗಿತ್ತು, ಯಾರಿಗೂ ಇನ್ನೂ ಕೇಳಿಸಿರಲಿಲ್ಲ. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ನ್ಯಾಯಾಧೀಶರಿಗೆ ತಲೆ ತಗ್ಗಿಸಬೇಡಿ ಎಂದು ಹೇಳಿದವನನ್ನು ಜೈಲಿಗೆ ಹಾಕುತ್ತಾರೋ ಏನೋ. ಮೊದಲು ಅವರ ಪ್ರಶ್ನೆ ಕೇಳಿಸಿತು. ಎಲ್ಲರೂ ತಲೆ ಎತ್ತಿದರು, ಸಂಪಿಯ ಮಡಿಚಿದ ಕೈ ನೋಡಿದರು, ಪುರಸಭೆಯ ವಕೀಲರು ಮುಗುಳ್ನಕ್ಕರು. ಆಮೇಲೆ ನನ್ನ ಮಾತು ಕೇಳಿಸಿತು. ಚೆಲುವಯ್ಯನವರು ಹಣೆ ಹಿಡಿದುಕೊಂಡರು. ಯಾರೋ ಹಿಂದಿನಿಂದ ಥೂ ಅಂದರು. ಅದು ಕೇಳಿಸಿದ್ದು ಆಮೇಲೆ, ಆದರೆ ಮುಖದಲ್ಲಿ ಆಗಲೇ ಕಾಣಿಸಿತು.

ನ್ಯಾಯಾಧೀಶರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಸಂಪಿಯ ಕಡೆ ಬಾಗಿ ಮತ್ತೆ ತುಟಿ ಆಡಿಸಿದರು. ಈ ಸಲ ತಲೆ ತಗ್ಗಿಸಲಿಲ್ಲ. ಅವರಿಗೆ ಕಷ್ಟವಾಗುತ್ತಿತ್ತು, ಕುತ್ತಿಗೆ ತಾನಾಗಿಯೇ ಬಗ್ಗಲು ನೋಡುತ್ತಿತ್ತು. ಆದರೂ ಹಿಡಿದುಕೊಂಡರು.

ಸಂಪಿ ಅಂಗೈಯನ್ನು ಮೇಲೆ ಮಾಡಿ ಎದೆಯ ಕಡೆ ಎಳೆದುಕೊಂಡಳು. ಬೇಕು ಎನ್ನುವುದಕ್ಕೆ ನಮ್ಮ ಮನೆಯ ಕೈ ಅದು. ಆಮೇಲೆ ಎರಡು ಬೆರಳಿನಿಂದ ತನ್ನ ಕಣ್ಣು ತೋರಿಸಿ, ನ್ಯಾಯಾಧೀಶರ ಕಣ್ಣು ತೋರಿಸಿ, ತನ್ನ ಮುಖ ತೋರಿಸಿದಳು. ನನ್ನನ್ನು ನೋಡಬೇಕು. ಮತ್ತೆ ಅಂಗೈ. ಎರಡು ತೋರುಬೆರಳು ಒತ್ತಾಗಿ ಜೋಡಿಸಿ ಫಿಲೋಮಿನಾ ಕಡೆ ತೋರಿಸಿದಳು. ಮತ್ತೆ ಅಂಗೈ. ಎರಡು ಕೈಗಳ ತುದಿ ಕೂಡಿಸಿ ಸೂರಿನ ಹಾಗೆ ಮಾಡಿ, ನನ್ನನ್ನೂ ಅವಳವ್ವನನ್ನೂ ತೋರಿಸಿದಳು. ಇದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ನ್ಯಾಯಾಧೀಶರು ಬಹಳ ಹೊತ್ತು ಅವಳನ್ನೇ ನೋಡುತ್ತಿದ್ದರು. ಪ್ರಶ್ನೆ ಎಲ್ಲರಿಗೂ ಕೇಳಿಸುವ ಹೊತ್ತಿಗೆ ಅವರಿಗೆ ಉತ್ತರ ಸಿಕ್ಕು ಹಳೆಯದಾಗಿತ್ತು.

ಆಮೇಲೆ ಅವರು ನೆಟ್ಟಗೆ ಕೂತು ತೀರ್ಪು ಹೇಳಿದರು. ತುಟಿ ಆಡಿದ್ದು ಕಂಡಿತು, ಅಷ್ಟೇ. ನಾನು ಆಗ ಮಾತ್ರ ಹೆದರಿ ತಲೆ ತಗ್ಗಿಸಿದೆ, ಹಳೆಯ ಅಭ್ಯಾಸ. ಕೋರ್ಟು ಮುಗಿಯುವ ಗಂಟೆ ಬಾರಿಸಿತು. ನ್ಯಾಯಾಧೀಶರು ಎದ್ದು ಹೋದರು. ಪುರಸಭೆಯವರು, ಬೆರಳಚ್ಚಾಗಿ ಬರುತ್ತದಲ್ಲ ಎಂದುಕೊಂಡು ಟೀ ಕುಡಿಯಲು ಹೋದರು. ನಾನು ಕೂತೇ ಇದ್ದೆ. ಸಂಪಿ ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು. ಸೂರು ಮಾಡಿ ತೋರಿಸಿದಳು, ಬೆರಳು ಜೋಡಿಸಿ ತೋರಿಸಿದಳು. ಮನೆ. ಅಕ್ಕ. ತೀರ್ಪನ್ನು ಅವಳು ತುಟಿಯ ಮೇಲೇ ಓದಿಕೊಂಡಿದ್ದಳು, ನನಗೆ ನಂಬಿಕೆ ಬರಲಿಲ್ಲ. ಕಿವಿಗೆ ಬೀಳದ ಹೊರತು ನಂಬುವುದು ನನಗೆ ಗೊತ್ತಿಲ್ಲ. ಅವಳು ನನ್ನ ಕೈ ಎಳೆದು ನೋಡಿ, ಬೇಸತ್ತು, ಫಿಲೋಮಿನಾ ಮತ್ತು ಅವ್ವನ ಜೊತೆ ಬಾಗಿಲ ಮೆಟ್ಟಿಲಿನ ಹತ್ತಿರ ಹೋಗಿ ಕೂತಳು.

ಕೋಣೆಯಲ್ಲಿ ಉಳಿದವರು ನಾನು ಮತ್ತು ಬೆರಳಚ್ಚುಗಾರ. ಕೊನೆಗೂ ಖಾಲಿ ಕುರ್ಚಿಯಿಂದ ನ್ಯಾಯಾಧೀಶರ ದನಿ ಬಂತು.

“ಮಗು ಕೇಳಿದೆ. ಕೇಳದೆ ಇದ್ದವರು ನಾವು. ಅದು ಕೇಳಿದ್ದನ್ನೆಲ್ಲ ಕೊಡತಕ್ಕದ್ದು.”

ಬೆರಳಚ್ಚುಗಾರ ಟಕಟಕ ಕುಟ್ಟಿದ. ನಿಲ್ಲಿಸಿದ. ಕಾಗದವನ್ನೇ ದಿಟ್ಟಿಸಿದ. ನನ್ನನ್ನು ಹತ್ತಿರ ಕರೆದು ‘ಕೇಳಿದೆ’ ಎನ್ನುವಲ್ಲಿ ಬೆರಳಿಟ್ಟ, ಆಮೇಲೆ ‘ಕೇಳದೆ’ ಎನ್ನುವಲ್ಲಿ ಇಟ್ಟ, ಹುಬ್ಬು ಹಾರಿಸಿದ. ಅವನ ಗೊಂದಲ ನನಗೆ ಅರ್ಥವಾಯಿತು. ಬರುವ ವರ್ಷ ಯಾರಾದರೂ ಇದನ್ನು ಓದಿ, ಕೋರ್ಟೇ ಹೇಳಿದೆ, ಈಗ ಮಗುವಿಗೆ ಕಿವಿ ಕೇಳುತ್ತದೆ, ಜೊತೆಗಾತಿ ಯಾಕೆ ಅನ್ನುವುದಿಲ್ಲ ಎಂದು ಏನು ಖಾತ್ರಿ? ಕಿವಿಯ ಕೇಳುವುದು ಯಾವುದು, ಬೇಕೆಂದು ಕೇಳುವುದು ಯಾವುದು ಎಂದು ಅವನು ಕಂಸದಲ್ಲಿ ಬರೆಯಲು ಸಿದ್ಧನಿದ್ದ. ಹೇಳೋಣ ಎಂದು ನಾನು ಬಾಯಿ ತೆರೆದೆ. ತೆರೆದದ್ದೇ ತಡ, ಅವನು ಮರ್ಯಾದೆಯಿಂದ ತಲೆ ತಗ್ಗಿಸಿದ.

ನಾನು ಬಾಯಿ ಮುಚ್ಚಿಕೊಂಡೆ. ಬಾಗಿಲ ಕಡೆ ತಿರುಗಿ ಕೈಯಲ್ಲಿ ಸಂಪಿಯನ್ನು ಕರೆದೆ. ಅವಳು ಓಡಿ ಬಂದಳು. ಕಾಗದ ತೋರಿಸಿದೆ. ಅವಳು ಓದಿದಳು, ಕಿಸಕ್ಕನೆ ನಕ್ಕಳು. ಅವನ ಎದುರಿಗೆ ಹೋಗಿ ನಿಂತು ಕಿವಿ ಮುಟ್ಟಿ ಇಲ್ಲವೆಂದು ಕೈ ಆಡಿಸಿದಳು. ಅಂಗೈ ಮೇಲೆ ಮಾಡಿ ಎದೆಗೆ ಎಳೆದುಕೊಂಡಳು. ಅವನು ನನ್ನ ಮಾತಿಗೆ ಕಾಯುತ್ತ ಯಂತ್ರವನ್ನೇ ನೋಡುತ್ತಿದ್ದ. ಸಂಪಿ ಬೆರಳಿನ ಗೆಣ್ಣಿನಿಂದ ಅವನ ಮೇಜನ್ನು ಕುಟ್ಟಿದಳು.

ಅವನು ತಲೆ ಎತ್ತಿ ನೋಡಿದ.